ಫಿಟ್ಸ್ ಇದೆ ಅಂತ ಕಂಪನಿಗೆ ಹೇಳಬೇಕಾ?

ಪ್ರಶ್ನೆ: ನನಗೆ 27 ವರ್ಷ. ಬ್ರಹ್ಮಾವರದ ಹತ್ತಿರದವನು. ಬಿ.ಕಾಂ. ಓದುವಾಗ ಎರಡು ಸಲ, ಆಮೇಲೆ ಒಂದು ಸಲ ಫಿಟ್ಸ್ ಬಂದಿತ್ತು. ಮಣಿಪಾಲದಲ್ಲಿ ತೋರಿಸಿ ಮಾತ್ರೆ ಶುರು ಮಾಡಿದೆವು. ನಾಲ್ಕು ವರ್ಷದಿಂದ ಒಮ್ಮೆಯೂ ಬಂದಿಲ್ಲ, ಮಾತ್ರೆ ತಪ್ಪಿಸಿಲ್ಲ. ಈಗ ಊರಿನ ಸೊಸೈಟಿಯಲ್ಲಿ ಕೆಲಸ. ಮಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಿಂದ ಆಫರ್ ಲೆಟರ್ ಬಂದಿದೆ. ಸೇರುವ ಮೊದಲು ಮೆಡಿಕಲ್ (ಆರೋಗ್ಯ ತಪಾಸಣೆ) ಇದೆ. ಅವರು ಕಳಿಸಿದ ಫಾರಂನಲ್ಲಿ ಫಿಟ್ಸ್ ಬಗ್ಗೆಯೇ ಒಂದು ಕಾಲಂ ಇದೆ. ಅಪ್ಪ ‘ಇಲ್ಲ ಅಂತ ಬರಿ’ ಎನ್ನುತ್ತಾರೆ. ತಂಗಿಗೆ ಸಂಬಂಧ ನೋಡುತ್ತಿದ್ದೇವೆ, ಸುದ್ದಿ ಹರಡಬಾರದು ಎಂದು ಅವರ ಹೆದರಿಕೆ. ಭಾವ ಕತಾರ್‌ನಲ್ಲಿದ್ದಾರೆ. ‘ಅಲ್ಲಿ ಆಗದಿದ್ದರೆ ಇಲ್ಲಿಗೆ ಬಾ’ ಎನ್ನುತ್ತಾರೆ. ಕಂಪ್ಯೂಟರ್ ಮುಂದೆ ದಿನವಿಡೀ ಕೂತರೆ ಮತ್ತೆ ಫಿಟ್ಸ್ ಬರಬಹುದಾ ಎಂಬ ಭಯವೂ ಇದೆ. ಏನು ಮಾಡಲಿ?

ಉತ್ತರ: ‘ಇಲ್ಲ’ ಅಂತ ಬರೆಯಬೇಡಿ. ಮೊದಲು ಇದನ್ನು ಹೇಳಿ ಆಮೇಲೆ ಉಳಿದದ್ದಕ್ಕೆ ಬರುತ್ತೇನೆ.

ಇಂಟರ್‌ವ್ಯೂನಲ್ಲಿ ನೀವು ಇದನ್ನು ಹೇಳಿರಲಿಕ್ಕಿಲ್ಲ. ಅದು ಸರಿಯೇ. ಅವರು ಕೇಳದೆ ನೀವಾಗಿ ಹೇಳುವ ಅಗತ್ಯ ಇರಲಿಲ್ಲ. ಲೆಕ್ಕ ಬರೆಯಲು ಬರುತ್ತದಾ, ಜಿಎಸ್‌ಟಿ ಗೊತ್ತಾ ಎಂದು ನೋಡಲು ಕೂತವರ ಮುಂದೆ ಮಾತ್ರೆಯ ಕಥೆ ಯಾಕೆ? ಆದರೆ ಈಗ ಫಾರಂನಲ್ಲಿ ನೇರವಾಗಿ ಕೇಳಿದ್ದಾರೆ, ಕೆಳಗೆ ನಿಮ್ಮ ಸಹಿ ಇರುತ್ತದೆ. ಕೇಳದಿದ್ದಾಗ ಸುಮ್ಮನಿರುವುದು ನಿಮ್ಮ ಹಕ್ಕು. ಕೇಳಿ ಬರೆಸಿಕೊಳ್ಳುವಾಗ ಸುಳ್ಳು ಬರೆದರೆ ಅದು ಅವರ ಕೈಗೆ ನೀವೇ ಕೊಟ್ಟ ಕಾಗದ. ಎರಡು ವರ್ಷ ಬಿಟ್ಟು ಬೇರೆ ಯಾವುದೋ ಕಾರಣಕ್ಕೆ ನಿಮ್ಮನ್ನು ತೆಗೆಯಬೇಕು ಅನ್ನಿಸಿದರೂ ಆ ಕಾಗದ ಸಾಕು. ಮಾಹಿತಿ ಮುಚ್ಚಿಟ್ಟರೆ ಕೆಲಸದಿಂದ ತೆಗೆಯಬಹುದು ಎಂಬ ಸಾಲು ಹೆಚ್ಚಿನ ಆಫರ್ ಲೆಟರ್‌ಗಳಲ್ಲಿ ಇರುತ್ತದೆ. ನಿಮ್ಮದನ್ನು ಇನ್ನೊಮ್ಮೆ ಓದಿ.

ನಿಮ್ಮ ಅಪ್ಪನ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ರಕ್ತ, ಮೂತ್ರ, ಬಿಪಿ, ಇಸಿಜಿ, ಎದೆಯ ಎಕ್ಸ್‌ರೇ, ಕಣ್ಣು. ಕಂಪನಿ ಮೆಡಿಕಲ್ ಅಂದರೆ ಸಾಮಾನ್ಯವಾಗಿ ಇಷ್ಟೇ. ಇದರಲ್ಲಿ ಯಾವುದರಲ್ಲೂ ಫಿಟ್ಸ್ ಸಿಕ್ಕಿಬೀಳುವುದಿಲ್ಲ. ನೀವು ಹೇಳದಿದ್ದರೆ ಮೆಡಿಕಲ್ ಮಾಡುವ ನನ್ನಂಥ ವೈದ್ಯರಿಗೆ ಗೊತ್ತಾಗುವ ದಾರಿಯೇ ಇಲ್ಲ. ಹಾಗಾಗಿಯೇ ಫಾರಂನಲ್ಲಿ ಕೇಳುವುದು. ಆದರೆ ಸೇರಿದ ಮೇಲೆ ಒಂದು ದಿನ ಆಫೀಸಿನಲ್ಲೇ ಫಿಟ್ಸ್ ಬಂತು ಅನ್ನಿ. ಯಾರಿಗೂ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ. ಒಬ್ಬರು ಕೈಗೆ ಕಬ್ಬಿಣದ ಕೀ ಕೊಡುತ್ತಾರೆ, ಇನ್ನೊಬ್ಬರು ಬಾಯಿಗೆ ನೀರು ಹಾಕುತ್ತಾರೆ, ಮತ್ತೊಬ್ಬರು ವಿಡಿಯೊ ಮಾಡುತ್ತಾರೆ. ಸುದ್ದಿ ಹರಡಬಾರದು ಎಂದು ಅಪ್ಪ ಹೆದರುತ್ತಿದ್ದಾರಲ್ಲ, ಅದು ಹರಡುವ ಅತಿ ಕೆಟ್ಟ ರೀತಿ ಇದು.

ಇನ್ನು ಮೇಜಿನ ಈಚೆ ಕೂತ ವೈದ್ಯರು ಏನು ನೋಡುತ್ತಾರೆ ಎಂದು ಹೇಳುತ್ತೇನೆ. ಕಾಯಿಲೆಯ ಹೆಸರು ಕೇಳಿದ ಕೂಡಲೇ ಅನ್‌ಫಿಟ್ ಎಂದು ಮೊಹರು ಒತ್ತುವ ವೈದ್ಯರು ಇಲ್ಲವೆನ್ನಲಾರೆ. ಆದರೆ ಕೆಲಸ ಗೊತ್ತಿರುವವರು ಎರಡು ಪಟ್ಟಿ ಇಟ್ಟುಕೊಂಡು ಹೋಲಿಸುತ್ತಾರೆ. ಈ ಕೆಲಸದಲ್ಲಿ ಏನೇನು ಮಾಡಬೇಕು, ಈ ಮನುಷ್ಯನಿಗೆ ಯಾವುದು ಅಪಾಯ. ಫಿಟ್ಸ್ ಇರುವವರಿಗೆ ನಾನು ಕೇಳುವುದು ಇವು. ಕೊನೆಯ ಸಲ ಬಂದದ್ದು ಯಾವಾಗ? ನಿದ್ದೆಯಲ್ಲಿ ಮಾತ್ರವಾ, ಎಚ್ಚರ ಇದ್ದಾಗಲೂ ಬಂದಿತ್ತಾ? ಬರುವ ಮೊದಲು ಸೂಚನೆ ಸಿಗುತ್ತದಾ? ಮಾತ್ರೆ ಬಿಟ್ಟಾಗ, ನಿದ್ದೆಗೆಟ್ಟಾಗ ಬಂದದ್ದಾ, ಸುಮ್ನೆ ಬಂದದ್ದಾ? ಈ ಉತ್ತರಗಳು ‘ಫಿಟ್ಸ್’ ಎಂಬ ಒಂದು ಪದಕ್ಕಿಂತ ಎಷ್ಟೋ ಜಾಸ್ತಿ ಹೇಳುತ್ತವೆ.

ಅದೇ ಕಾಯಿಲೆ, ಅದೇ ನಾಲ್ಕು ವರ್ಷ. ಆದರೆ ನೀವು ಪಣಂಬೂರು ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸಕ್ಕೆ ಬಂದಿದ್ದರೆ ನಾನು ಆಗುವುದಿಲ್ಲ ಎನ್ನುತ್ತಿದ್ದೆ. ಬೈಕಂಪಾಡಿಯ ಕಾರ್ಖಾನೆಯಲ್ಲಿ ಎತ್ತರದ ಕಟ್ಟೆ ಮೇಲೆ ನಿಂತು ವೆಲ್ಡಿಂಗ್ ಮಾಡುವುದಕ್ಕೂ ಅದೇ ಉತ್ತರ. ಬಸ್, ಲಾರಿ ಓಡಿಸುವುದು, ಹಡಗಿನ ಕೆಲಸ, ಸೇನೆ ಇವೂ ಅದೇ ಸಾಲಿಗೆ. ಇದು ಅನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ. ಅರ್ಧ ನಿಮಿಷ ಪ್ರಜ್ಞೆ ತಪ್ಪಿದರೂ ಅಲ್ಲಿ ಒಂದು ಜೀವ ಹೋಗಬಹುದು, ನಿಮ್ಮದೇ ಆಗಬೇಕೆಂದಿಲ್ಲ. ನಿಮ್ಮದು ಅಕೌಂಟ್ಸ್. ಕುರ್ಚಿ, ಮೇಜು, ಟ್ಯಾಲಿ. ನಾಲ್ಕು ವರ್ಷ ಫಿಟ್ಸ್ ಇಲ್ಲದ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುವ ಒಬ್ಬರನ್ನು ಈ ಕೆಲಸಕ್ಕೆ ತಡೆಯಲು ವೈದ್ಯಕೀಯ ಕಾರಣವೇ ಇಲ್ಲ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನೀವು ಈಗ ಆ 70ರ ಪೈಕಿ.

ಕಂಪ್ಯೂಟರ್ ಭಯ ಬಿಡಿ. ಬೆಳಕು ಮಿನುಗಿದರೆ ಫಿಟ್ಸ್ ಬರುವುದು ಈ ಕಾಯಿಲೆ ಇರುವವರಲ್ಲಿ ತೀರಾ ಸಣ್ಣ ಪಾಲಿಗೆ. ನಿಮಗೆ ಹಾಗಿದ್ದರೆ ಇಇಜಿ (ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಮಾಡುವಾಗ ಕಣ್ಣಿಗೆ ಬೆಳಕು ಮಿನುಗಿಸಿ ನೋಡಿದಾಗಲೇ ಸುಳಿವು ಸಿಗುವ ಸಾಧ್ಯತೆ ಹೆಚ್ಚು. ಹಳೇ ರಿಪೋರ್ಟ್ ತೆಗೆದು ನಿಮ್ಮ ಡಾಕ್ಟರರನ್ನು ಒಂದು ಮಾತು ಕೇಳಿ. ಈಗಿನ ಪರದೆಗಳು ಹಳೇ ದಪ್ಪ ಮಾನಿಟರ್‌ಗಳ ಹಾಗೆ ಮಿನುಗುವುದೂ ಇಲ್ಲ.

ನಿಜವಾಗಿ ಕೇಳಬೇಕಾದದ್ದು ಶಿಫ್ಟ್ ಬಗ್ಗೆ. ಮಂಗಳೂರಿನ ಕೆಲವು ಕಂಪನಿಗಳ ಅಕೌಂಟ್ಸ್ ವಿಭಾಗ ಅಮೆರಿಕದ ಸಮಯಕ್ಕೆ ನಡೆಯುತ್ತದೆ. ನಿದ್ದೆ ಕೆಡುವುದು ಫಿಟ್ಸ್‌ಗೆ ದೊಡ್ಡ ಕಾರಣ. ಒಂದು ವಾರ ಹಗಲು, ಒಂದು ವಾರ ರಾತ್ರಿ ಎಂದು ತಿರುಗುವ ಶಿಫ್ಟ್ ಅದಕ್ಕಿಂತ ಕೆಟ್ಟದ್ದು. ರಾತ್ರಿ ಶಿಫ್ಟ್ ಇದ್ದರೆ ಬೇಡ ಎಂದು ಈಗಲೇ ಹೇಳಿ, ಸೇರಿದ ಮೇಲೆ ಅಲ್ಲ. (ಇದೇ ಕಾರಣಕ್ಕೆ ಬೆಳಗ್ಗಿನವರೆಗೆ ಯಕ್ಷಗಾನ ಆಟ ನೋಡಿ ನೇರ ಆಫೀಸಿಗೆ ಹೋಗುವ ಅಭ್ಯಾಸ ಇದ್ದರೆ ಅದನ್ನೂ ಬಿಡಬೇಕು. ಊರಿನ ನೇಮಕ್ಕೂ, ಅಂದರೆ ಭೂತಕೋಲಕ್ಕೂ, ಅದೇ ಮಾತು. ಮಧ್ಯರಾತ್ರಿವರೆಗೆ ಕೂತು ಬಂದು ಮಲಗಿ, ಮರುದಿನ ರಜೆ ಹಾಕಿ.)

ಇನ್ನೊಂದು ವಿಷಯ ನೀವು ಕೇಳಿಲ್ಲ. ಮಂಗಳೂರಿಗೆ ಹೇಗೆ ಹೋಗುತ್ತೀರಿ? ಬೈಕಿನಲ್ಲಿ ಹೈವೇ 66ರಲ್ಲಿ ದಿನಾ ಹೋಗಿಬರುವ ಯೋಚನೆ ಇದ್ದರೆ ಬೇಡ. ಡ್ರೈವಿಂಗ್ ಲೈಸೆನ್ಸಿನ ಸ್ವಂತ ಘೋಷಣೆಯ ಫಾರಂ ಫಿಟ್ಸ್ ಇದೆಯಾ, ತಟ್ಟನೆ ಪ್ರಜ್ಞೆ ತಪ್ಪುತ್ತದಾ ಎಂದು ಮೊದಲಲ್ಲೇ ಕೇಳುತ್ತದೆ. ನಮ್ಮ ದೇಶದಲ್ಲಿ ಫಿಟ್ಸ್ ಇರುವವರಿಗೆ ಗಾಡಿ ಓಡಿಸುವ ಅವಕಾಶ ಬಹಳ ಕಡಿಮೆ. ಇಷ್ಟು ವರ್ಷ ಬರದಿದ್ದರೆ ಓಡಿಸಬಹುದು ಎಂದು ಬೇರೆ ಹಲವು ದೇಶಗಳಲ್ಲಿರುವ ನಿಯಮ ಇಲ್ಲಿಲ್ಲ. ಅದು ಬದಲಾಗಬೇಕು ಎನ್ನುವವನು ನಾನು. ಬದಲಾಗುವವರೆಗೆ ಎಕ್ಸ್‌ಪ್ರೆಸ್ ಬಸ್ಸೇ ಗತಿ. ಅದಕ್ಕಿಂತ ಮಂಗಳೂರಿನಲ್ಲೇ ಪಿಜಿ ಹಿಡಿದರೆ ಬೆಳಗ್ಗೆ ಎರಡು ಗಂಟೆ ನಿದ್ದೆ ಉಳಿಯುತ್ತದೆ.

ಈಗ ಫಾರಂ. ‘ಹೌದು’ ಎಂದು ಬರೆದು ಪಕ್ಕದಲ್ಲಿ ‘ಚಿಕಿತ್ಸೆಯಲ್ಲಿದೆ, ಡಾಕ್ಟರ್ ಪತ್ರ ಲಗತ್ತಿಸಿದೆ’ ಎಂದಷ್ಟೇ ಸೇರಿಸಿ. ಪೂರಾ ಚರಿತ್ರೆ ಬರೆಯಬೇಡಿ. ಮೆಡಿಕಲ್‌ಗೆ ಹೋಗುವ ಮೊದಲು ಮಣಿಪಾಲದ ನಿಮ್ಮ ನ್ಯೂರಾಲಜಿಸ್ಟರಿಂದ ಒಂದು ಪುಟದ ಪತ್ರ ತೆಗೆದುಕೊಳ್ಳಿ. ‘ಇವರು ಎಪಿಲೆಪ್ಸಿ (ಫಿಟ್ಸ್ ಕಾಯಿಲೆ) ರೋಗಿ’ ಎಂಬ ಒಂದು ಸಾಲಿನ ಚೀಟಿ ಬೇಡ, ಅದು ಉಪಕಾರಕ್ಕಿಂತ ಅಪಕಾರ ಜಾಸ್ತಿ ಮಾಡುತ್ತದೆ. ಕೊನೆಯ ಫಿಟ್ಸ್‌ನ ತಿಂಗಳು ಮತ್ತು ವರ್ಷ, ಮಾತ್ರೆ ನಿಯಮಿತವಾಗಿದೆ ಎಂಬುದು, ಮಾತ್ರೆಯಿಂದ ಮಂಪರು ಇಲ್ಲ ಎಂಬುದು, ಕಚೇರಿ ಕೆಲಸಕ್ಕೆ ಯೋಗ್ಯ ಎಂಬುದು ಅದರಲ್ಲಿರಲಿ. ರಾತ್ರಿ ಶಿಫ್ಟ್, ವಾಹನ ಓಡಿಸುವುದು, ಎತ್ತರದಲ್ಲಿ ಕೆಲಸ ಬೇಡ ಎಂಬುದೂ ಇರಲಿ. ನೀವು ಸೇರುವ ಹುದ್ದೆಯ ವಿವರ ಅವರಿಗೆ ತೋರಿಸಿ, ಆಗ ಪತ್ರ ಆ ಕೆಲಸಕ್ಕೆ ಹೊಂದಿಕೊಂಡು ಬರುತ್ತದೆ.

ಆ ಪತ್ರವನ್ನು ಎಚ್‌ಆರ್‌ಗೆ ಇಮೇಲ್ ಮಾಡಬೇಡಿ. ಲಕೋಟೆಯಲ್ಲಿ ಹಾಕಿ ಮೆಡಿಕಲ್ ಮಾಡುವ ವೈದ್ಯರ ಕೈಗೆ ಕೊಡಿ. ಇದು ಹಲವರಿಗೆ ಗೊತ್ತಿಲ್ಲ: ಆ ವೈದ್ಯರ ಸಂಬಳ ಕಂಪನಿಯದ್ದೇ ಆದರೂ ನಿಮ್ಮ ಕಾಯಿಲೆಯ ಹೆಸರನ್ನು ಅವರು ಕಂಪನಿಗೆ ಕೊಡಬೇಕಾಗಿಲ್ಲ. ಫಿಟ್, ಷರತ್ತಿನ ಮೇಲೆ ಫಿಟ್, ಸದ್ಯಕ್ಕೆ ಅನ್‌ಫಿಟ್, ಅನ್‌ಫಿಟ್. ಕಂಪನಿಗೆ ಬೇಕಾದದ್ದು ಈ ನಾಲ್ಕರಲ್ಲಿ ಒಂದು ಮಾತ್ರ. ಷರತ್ತು ಇದ್ದರೆ ‘ರಾತ್ರಿ ಪಾಳಿ ಬೇಡ’ ಎಂದು ಬರೆದರೆ ಸಾಕು, ಯಾಕೆ ಎಂದು ಬರೆಯಬೇಕಿಲ್ಲ. ರೋಗಿಯ ಗುಟ್ಟು ಕಾಯುವ ಹೊಣೆ 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ಆದರೂ ಪೂರಾ ರಿಪೋರ್ಟ್ ಎಚ್‌ಆರ್‌ಗೆ ಹೋಗುವುದನ್ನು ನಾನು ನೋಡಿದ್ದೇನೆ. ಹಾಗಾಗಿ ಫಾರಂ ತುಂಬಿಸುವ ಮೊದಲೇ ‘ಈ ಕಾಗದ ಯಾರು ನೋಡುತ್ತಾರೆ?’ ಎಂದು ವಿನಯವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಯಾರೂ ಕೆಲಸ ಕಿತ್ತುಕೊಳ್ಳುವುದಿಲ್ಲ.

ಕಾನೂನು ನಿಮ್ಮನ್ನು ಎಷ್ಟು ಕಾಪಾಡುತ್ತದೆ? ಅಷ್ಟಕ್ಕಷ್ಟೆ. ಅಮೆರಿಕದಲ್ಲಿ 1990ರ ಕಾನೂನಿನಂತೆ ಆಫರ್ ಕೊಡುವ ಮೊದಲು ಇಂಥ ಪ್ರಶ್ನೆ ಕೇಳುವ ಹಾಗೇ ಇಲ್ಲ. ನಮ್ಮಲ್ಲಿ ಎಲ್ಲ ಕಾಯಿಲೆಗೂ ಅನ್ವಯಿಸುವ ಅಂಥ ಒಂದು ಕಾನೂನು ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಥಲಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ಸ್, ಮಾನಸಿಕ ಕಾಯಿಲೆ ಅದರಲ್ಲಿವೆ. ಎಪಿಲೆಪ್ಸಿಯ ಹೆಸರಿಲ್ಲ, ಸಕ್ಕರೆ ಕಾಯಿಲೆಯ ಹೆಸರೂ ಇಲ್ಲ. ಹಾಗಾಗಿ ಸರ್ಕಾರಿ ಕೆಲಸದಲ್ಲಿರುವ 4 ಶೇಕಡಾ ಮೀಸಲಾತಿ, ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಇವುಗಳ ಆಸೆಗೆ ವೆನ್‌ಲಾಕ್, ಅಜ್ಜರಕಾಡು ಎಂದು ಸರ್ಕಾರಿ ಆಸ್ಪತ್ರೆಗಳನ್ನು ಸುತ್ತಬೇಡಿ. ನಿಮ್ಮ ಸ್ಥಿತಿಗೆ ಅದು ಸಿಗುವುದು ಕಷ್ಟ.

ಒಂದು ಕಾಯಿಲೆಗೆ ಮಾತ್ರ ಕಾನೂನು ಗಟ್ಟಿಯಾಗಿ ನಿಂತಿದೆ, ಅದು ಎಚ್‌ಐವಿ. 2017ರಲ್ಲಿ ಬಂದು 2018ರ ಸೆಪ್ಟೆಂಬರ್‌ನಿಂದ ಜಾರಿಯಾದ ಕಾಯ್ದೆಯ ಪ್ರಕಾರ ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತು ಮಾಡುವ ಹಾಗಿಲ್ಲ. ಸರ್ಕಾರಿ, ಖಾಸಗಿ ಎಂಬ ಭೇದ ಅದಕ್ಕಿಲ್ಲ. ಹಾಗಿದ್ದರೂ ರಕ್ತ ಪರೀಕ್ಷೆಯ ಪಟ್ಟಿಯಲ್ಲಿ ಅದನ್ನು ಸದ್ದಿಲ್ಲದೆ ಸೇರಿಸುವವರಿದ್ದಾರೆ. ಕಂಡರೆ ಬೇಡ ಎನ್ನಿ.

ಫಾರಂನಲ್ಲಿ ಏನು ಬೇಕಾದರೂ ಕೇಳಬಹುದು ಎಂದೂ ಅಲ್ಲ. ಎಲ್‌ಐಸಿಯಲ್ಲಿ ಪ್ರೊಬೇಷನ್‌ನಲ್ಲಿದ್ದ ನೀರಾ ಮಾಥುರ್ ಅವರನ್ನು, ಮುಟ್ಟಿನ ದಿನಾಂಕವನ್ನು ಫಾರಂನಲ್ಲಿ ತಪ್ಪು ಬರೆದರು ಎಂದು ಹೆರಿಗೆ ರಜೆಯ ನಂತರ ತೆಗೆದಿದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು, ಆ ಕಾಲಂಗಳನ್ನೇ ತೆಗೆಯಿರಿ ಎಂದಿತು. ಆದರೆ ಆ ತೀರ್ಪನ್ನು ನೀವು ಆಸರೆ ಮಾಡಿಕೊಳ್ಳಬೇಡಿ. ಮುಟ್ಟಿಗೂ ಕೆಲಸಕ್ಕೂ ಸಂಬಂಧವಿಲ್ಲ. ಪ್ರಜ್ಞೆ ತಪ್ಪುವುದಕ್ಕೂ ಕೆಲಸದ ಸುರಕ್ಷತೆಗೂ ಸಂಬಂಧ ಇದೆ ಎಂದು ಕಂಪನಿ ವಾದಿಸಬಹುದು.

ಭಾವ ಹೇಳಿದ ದಾರಿಗೆ ಬರೋಣ. ಗಲ್ಫ್ ಮೆಡಿಕಲ್ ಇಲ್ಲಿಯ ಮೆಡಿಕಲ್‌ಗಿಂತ ತುಂಬಾ ಕಠಿಣ. ಗಲ್ಫ್‌ಗೆ ಹೋಗುವವರ ಮೆಡಿಕಲ್ ನಡೆಸುವ, ನಮ್ಮವರು ಇನ್ನೂ ಗಾಮ್ಕಾ ಎಂದೇ ಕರೆಯುವ ವ್ಯವಸ್ಥೆಗೆ ಈಗ ವಾಫಿದ್ ಎಂದು ಹೆಸರು. ಕತಾರ್‌ನ ಕ್ರಮ ಸ್ವಲ್ಪ ಬೇರೆ. ಕೆಲಸದ ವೀಸಾಕ್ಕೆ ಅವರದ್ದೇ ವೀಸಾ ಕೇಂದ್ರಕ್ಕೆ ಹೋಗಬೇಕು, ಮೆಡಿಕಲ್ ಕೂಡ ಅಲ್ಲೇ. ನಮಗೆ ಹತ್ತಿರದ್ದು ಕೊಚ್ಚಿ. ಎಲ್ಲಿ ಮಾಡಿಸಿದರೂ ಇಲ್ಲಿಯ ಹಾಗೆ ಕೆಲಸಕ್ಕೂ ಕಾಯಿಲೆಗೂ ಹೋಲಿಸಿ ನೋಡುವ ಕ್ರಮ ಅಲ್ಲಿ ಕಡಿಮೆ, ಪಟ್ಟಿ ನೋಡಿ ತೀರ್ಮಾನಿಸುವುದೇ ಜಾಸ್ತಿ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪಾಸಿಟಿವ್ ಬಂದರೆ ಅನ್‌ಫಿಟ್. ಎಷ್ಟೋ ವರ್ಷದ ಹಿಂದೆ ವಾಸಿಯಾದ ಟಿಬಿಯ ಕಲೆ ಎಕ್ಸ್‌ರೇಯಲ್ಲಿ ಕಂಡು ವೀಸಾ ಕೈತಪ್ಪಿದವರು ಕಾಪು, ಕುಂದಾಪುರ, ಉಳ್ಳಾಲ ಎಲ್ಲ ಕಡೆ ಸಿಗುತ್ತಾರೆ. ಹೆಪಟೈಟಿಸ್ ಬಿ ಊಟ ಹಂಚಿಕೊಂಡರೆ, ಕೈ ಕುಲುಕಿದರೆ ಹರಡುವುದಿಲ್ಲ. ಆಫೀಸ್ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳಿದರೆ ಉತ್ತರ ಇಲ್ಲ. ಆದರೆ ನಿಯಮ ಆ ದೇಶದ್ದು. ನಮ್ಮ ಎಚ್‌ಐವಿ ಕಾಯ್ದೆಯಾಗಲಿ, ಕೋರ್ಟ್ ಆಗಲಿ ಅಲ್ಲಿಗೆ ಮುಟ್ಟುವುದಿಲ್ಲ.

ನರಕ್ಕೆ ಸಂಬಂಧಿಸಿದ ಕಾಯಿಲೆ ಇದೆಯಾ ಎಂಬುದನ್ನೂ ಗಲ್ಫ್ ಮೆಡಿಕಲ್‌ನಲ್ಲಿ ಕೇಳುತ್ತಾರೆ. ನೀವು ಮುಚ್ಚಿಟ್ಟು ಹೋದಿರಿ ಅನ್ನಿ. ಮುಂದಿನ ತೊಂದರೆ ಮಾತ್ರೆಯದ್ದು. ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳು, ಕ್ಲೊಬಜಾಮ್, ಕ್ಲೊನಜೆಪಾಮ್, ಫೆನೊಬಾರ್ಬಿಟೋನ್ ಇಂಥವು, ಗಲ್ಫ್ ದೇಶಗಳಲ್ಲಿ ನಿಯಂತ್ರಣದಲ್ಲಿರುವ ಔಷಧಗಳು. ಡಾಕ್ಟರ್ ಚೀಟಿ, ಅನುಮತಿ ಇಲ್ಲದೆ ಬ್ಯಾಗಿನಲ್ಲಿ ಸಿಕ್ಕರೆ ಏರ್‌ಪೋರ್ಟ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಹೆದರಿ ಮಾತ್ರೆ ಬಿಟ್ಟು ಹೋದರೆ ಅದು ಇನ್ನೂ ಅಪಾಯ, ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ತಿರುಗಿ ಬರಬಹುದು. ಕೈಯಲ್ಲಿ ಮಂಗಳೂರಿನ ಆಫರ್ ಇರುವಾಗ ಭಾವನ ಮಾತು ಸದ್ಯಕ್ಕೆ ಬದಿಗಿಡಿ ಎಂಬುದು ನನ್ನ ಅಭಿಪ್ರಾಯ.

ಬೇರೆ ಕಾಯಿಲೆ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಎರಡು ಮಾತು. ಬಿಪಿ, ಶುಗರ್ ಹತೋಟಿಯಲ್ಲಿದ್ದರೆ ಆಫೀಸ್ ಕೆಲಸಕ್ಕೆ ಅಡ್ಡಿಯಾಗಬಾರದು. ಮೆಡಿಕಲ್ ದಿನ ಬಿಪಿ ಏರಿದರೆ ‘ಸ್ವಲ್ಪ ಹೊತ್ತು ಕೂತು ಮತ್ತೆ ನೋಡಿ’ ಎಂದು ಕೇಳಿ, ಹೆದರಿಕೆಗೇ ಏರುವುದು ಸಾಮಾನ್ಯ. ಹೋಟೆಲ್ ಅಡುಗೆಮನೆಯ ಕೆಲಸಕ್ಕೆ ವರ್ಷಕ್ಕೊಮ್ಮೆ ಮೆಡಿಕಲ್ ಎಂಬುದು ಆಹಾರ ಸುರಕ್ಷತಾ ನಿಯಮದಲ್ಲೇ ಇದೆ. ಅಲ್ಲಿ ನೋಡುವುದು ಟೈಫಾಯ್ಡ್‌ನಂಥ ಅಂಟುರೋಗ, ಚರ್ಮದ ಹುಣ್ಣು ಮೊದಲಾದವನ್ನು. ಅದರಲ್ಲಿ ತಪ್ಪು ಹುಡುಕಬೇಡಿ. ಬಣ್ಣಗುರುಡು ಇರುವವರಿಗೆ ಹಡಗಿನ ಡೆಕ್ ಕೆಲಸ ಸಿಗುವುದಿಲ್ಲ. ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. ತಮಿಳುನಾಡು ವಿದ್ಯುತ್ ನಿಗಮ ಬಣ್ಣಗುರುಡು ಎಂದು ಬೇಡವೆಂದಿದ್ದ ಒಬ್ಬ ಎಂಜಿನಿಯರ್ ಪರವಾಗಿ 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅವರಿಗೆ ಹೊಂದುವ ಕೆಲಸ ಕೊಡಿ ಎಂದಿತು.

ಅಪ್ಪನ ಹತ್ತಿರ ಮಾತಾಡುವಾಗ ತಂಗಿಯ ಮದುವೆ ವಿಷಯವನ್ನು ತಳ್ಳಿಹಾಕಬೇಡಿ. ನಮ್ಮ ಕಡೆ ಆ ಹೆದರಿಕೆ ಸುಳ್ಳಲ್ಲ, ಅಲ್ವಾ? ಫಿಟ್ಸ್ ಇದೆ ಎಂದು ಮದುವೆಯನ್ನೇ ರದ್ದು ಮಾಡಬಹುದಾದ ಸಾಲು ಹಿಂದೂ ವಿವಾಹ ಕಾಯ್ದೆಯಲ್ಲೇ ಇತ್ತು. ಅದನ್ನು ತೆಗೆದದ್ದು 1999ರಲ್ಲಿ. ಅಪ್ಪನ ತಲೆಮಾರು ಬೆಳೆದದ್ದು ಆ ಸಾಲಿನ ಕಾಲದಲ್ಲಿ. ಲಕೋಟೆ ವೈದ್ಯರ ಕೈಗೆ ಮಾತ್ರ ಹೋಗುತ್ತದೆ, ಬ್ರಹ್ಮಾವರಕ್ಕೆ ಬರುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳಿ.

ಒಂದು ವೇಳೆ ಅನ್‌ಫಿಟ್ ಎಂದರೆ? ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ನ್ಯೂರಾಲಜಿಸ್ಟರ ಪತ್ರ ಇಟ್ಟು ಇನ್ನೊಮ್ಮೆ ಪರಿಶೀಲಿಸಲು ಮನವಿ ಕೊಡಿ. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ, ಯಾಕೆಂದರೆ ಮೊದಲ ಸಲ ಯಾರೋ ಕಿರಿಯರು ಪಟ್ಟಿ ನೋಡಿ ಬರೆದಿರುತ್ತಾರೆ. ಸರ್ಕಾರಿ ಸಂಸ್ಥೆ, ಬ್ಯಾಂಕ್ ಆಗಿದ್ದರೆ ಮೇಲ್ಮನವಿಗೆ ದಾರಿ ಇದೆ, ಹೈಕೋರ್ಟ್‌ಗೂ ಹೋಗಬಹುದು. ಖಾಸಗಿ ಕಂಪನಿ ಆಫರ್ ಹಿಂದೆ ತೆಗೆದುಕೊಂಡರೆ ಕೋರ್ಟಿನಲ್ಲಿ ಗೆಲ್ಲುವುದು ಸುಲಭವಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ನಿಮಗೆ ಆ ಹಟ ಇದ್ದರೆ ವಕೀಲರನ್ನು ಕಾಣಿ. ನನ್ನ ಮಗನಾಗಿದ್ದರೆ ಇನ್ನೊಂದು ಕಂಪನಿಗೆ ಅರ್ಜಿ ಹಾಕು ಎನ್ನುತ್ತಿದ್ದೆ.

ಸೇರಿದ ಮೇಲೆ ಪಕ್ಕದ ಮೇಜಿನ ಒಬ್ಬರಿಗೆ, ನಂಬಿಕೆ ಬಂದವರಿಗೆ, ವಿಷಯ ತಿಳಿಸಿ. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಬೇಕು, ತಲೆಯ ಕೆಳಗೆ ಮೆತ್ತಗಿನದ್ದು ಏನಾದರೂ ಇಡಬೇಕು, ಬಾಯಿಗೆ ಏನೂ ಹಾಕಬಾರದು, ಕೈಕಾಲು ಹಿಡಿದು ಒತ್ತಬಾರದು. ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಇಷ್ಟನ್ನು ಕಲಿಸಲು ಒಂದು ಚಹಾದ ಹೊತ್ತು ಸಾಕು. ಕಂಪನಿಯ ಗುಂಪು ವಿಮೆ ಮೊದಲೇ ಇರುವ ಕಾಯಿಲೆಗೂ ಸೇರಿದ ದಿನದಿಂದ ಅನ್ವಯಿಸುತ್ತದಾ ಎಂದು ಕೇಳಿ. ಹಲವು ಗುಂಪು ವಿಮೆಗಳಲ್ಲಿ ಅನ್ವಯಿಸುತ್ತದೆ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಇದ್ದರೆ ಅಲ್ಲಿ ಹಳೇ ಕಾಯಿಲೆ ಎಂಬ ತಕರಾರೇ ಇಲ್ಲ.

ಕೊನೆಗೆ ಒಂದು. ಫಿಟ್‌ನೆಸ್ ಬಂದು, ಸೇರುವ ದಿನಾಂಕ ಬರವಣಿಗೆಯಲ್ಲಿ ಸಿಗುವವರೆಗೆ ಸೊಸೈಟಿಯ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ನೋಟಿಸ್ ಅವಧಿ ಬೇಕು ಎಂದು ಹೊಸ ಕಂಪನಿಗೆ ಹೇಳಿದರೆ ಮೆಡಿಕಲ್ ಬೇಗ ಮುಗಿಸಿಕೊಡುತ್ತಾರೆ.